ಎರಡು ಗಂಟೆ ಇಪ್ಪತ್ತು ನಿಮಿಷದ ಹಾಲು

ಜಕಾರ್ತಾ
10 ಫೆಬ್ರವರಿ 2006, ಶುಕ್ರವಾರ ಸಂಜೆ

ಅಕ್ಕಾ,

ಅಸ್ಸಲಾಮು ಅಲೈಕುಮ್. ಪೆಟ್ಟಿಗೆಯ ಮುಚ್ಚಳ ತೆಗೆದ ಕೂಡಲೇ ಈ ಕಾಗದ ಓದುತ್ತ ಕೂರಬೇಡ. ಮೊದಲು ಹಾಲಿನ ಚೀಲಗಳನ್ನು ಭಾವನ ಮೀನಿನ ಫ್ರೀಜರಿಗೆ ಸೇರಿಸಿ ಬಾ, ಆಮೇಲೆ ಓದು. ಒಟ್ಟು ನಲವತ್ತೆರಡು ಚೀಲ ಇವೆ. ದಿನಕ್ಕೆ ಆರರಂತೆ ನನ್ನ ಅಕ್ಮಲನಿಗೆ ಒಂದು ವಾರಕ್ಕೆ ಸರಿ. ಹೊರಡುವ ಮುಂಚೆ ನಾನು ಹಿಂಡಿಟ್ಟು ಬಂದದ್ದು ಇಷ್ಟು ಹೊತ್ತಿಗೆ ಮುಗಿದಿರಬೇಕು. ಒಂದೊಂದರ ಮೇಲೂ ತಾರೀಖು ಬರೆದಿದ್ದೇನೆ, ಹಳೆಯದನ್ನು ಮೊದಲು ತೆಗೆ. ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸು, ಒಲೆಯ ಮೇಲೆ ಇಡಬೇಡ. ಒಮ್ಮೆ ಕರಗಿದ್ದನ್ನು ಮತ್ತೆ ಫ್ರೀಜರಿಗೆ ಹಾಕಲೇಬೇಡ.

ಎಷ್ಟು ದೂರ ಅಂತ ಹೊರಡುವಾಗ ಕೇಳಿದ್ದೆಯಲ್ಲ, ಇಲ್ಲಿನ ಕಾರ್ಗೋ ಶೆಡ್ಡಿನಲ್ಲಿರುವ ದಾಯೆಂಗ್ ನಾಯಾ ಗೋಡೆಯ ಪಟ್ಟಿ ನೋಡಿ ಹೇಳಿದರು. ಇಲ್ಲಿನ ಚೆಂಕಾರೆಂಗ್ ವಿಮಾನ ನಿಲ್ದಾಣದಿಂದ ನಮ್ಮ ಮಕಾಸ್ಸರದ ನಿಲ್ದಾಣಕ್ಕೆ ಸಾವಿರದ ನಾನೂರ ಮೂವತ್ತು ಕಿಲೋಮೀಟರ್, ಎರಡು ಗಂಟೆ ಇಪ್ಪತ್ತು ನಿಮಿಷ. ಅವರು ನಮ್ಮ ಕಡೆಯವರೇ, ಮಾರೋಸಿನವರು. "ಇಪ್ಪತ್ತು ವರ್ಷದಿಂದ ನಮ್ಮೂರ ಮೀನು ಇಳಿಸ್ಕೊಳ್ತಾ ಇದೀನಿ ಕಣಮ್ಮಾ, ಇಲ್ಲಿಂದ ಹಾಲು ಹತ್ತಿಸ್ತಿರೋದು ಇದೇ ಮೊದ್ಲು" ಅಂತ ನಕ್ಕರು. ಪೆಟ್ಟಿಗೆಯನ್ನು ಎರಡು ಕೈಯಲ್ಲಿ ಎತ್ತಿಕೊಂಡರು, ಅದೊಂದು ಸಮಾಧಾನ.

ನಾನು ಕಾಗದ ಬರೆಯುತ್ತಿರುವುದು ಯಾಕೆ ಅಂದರೆ, ಭಾವನ ಅಂಗಡಿಯ ಫೋನಿನಲ್ಲಿ ಸಂತೆಯವರೆಲ್ಲ ಕಿವಿಗೊಟ್ಟು ನಿಂತಿರುವಾಗ ಎದೆಹಾಲಿನ ಮಾತಾಡುವುದಾದರೂ ಹೇಗೆ? ಇನ್ನು ಮೇಲೆ ಪೆಟ್ಟಿಗೆಯಲ್ಲೇ ನನ್ನ ಕಾಗದ ಬರುತ್ತದೆ, ಖಾಲಿ ಪೆಟ್ಟಿಗೆಯಲ್ಲಿ ನಿನ್ನದು ಕಳಿಸು.

ಕೊನೆಯದಾಗಿ ಒಂದು ಮಾತು, ಕೋಪ ಮಾಡಿಕೊಳ್ಳಬೇಡ. ಅವನು ಎಷ್ಟೇ ಅತ್ತರೂ ನಿನ್ನ ಎದೆಗೆ ಹಾಕಿಕೊಳ್ಳಬೇಡ. ಹೊಟ್ಟೆ ತುಂಬ ಐದು ಸಲ ಕುಡಿದರೆ ಮುಗಿಯಿತು, ನಮ್ಮ ಧರ್ಮದ ಲೆಕ್ಕದಲ್ಲಿ ಅವನೂ ನಿನ್ನ ಮಗಳು ಮುತಿಯಾಳೂ ಒಡಹುಟ್ಟಿದವರಾಗಿಬಿಡುತ್ತಾರೆ. ಅಮ್ಮ ಅವರಿಬ್ಬರನ್ನು ತೊಟ್ಟಿಲಲ್ಲೇ ಗಂಡ ಹೆಂಡತಿ ಮಾಡಿ ಕೂತಿದ್ದಾಳೆ, ನಿನಗೆ ಗೊತ್ತಲ್ಲ.

ಅವನಿಗೊಂದು ಮುತ್ತು.

ನಿನ್ನ ಹಸ್ನಿ


ಬಾರ್ರು
12 ಫೆಬ್ರವರಿ, ಭಾನುವಾರ

ಹಸ್ನಿ,

ವಾಲೈಕುಮ್ ಸಲಾಮ್. ಹಾಲು ಕಲ್ಲಿನ ಹಾಗೆ ಗಟ್ಟಿಯಾಗಿ ಬಂತು. ಈಗ ನಿನ್ನ ಭಾವನ ಫ್ರೀಜರಿನಲ್ಲಿ ಎಡಕ್ಕೆ ಬೋಲು ಮೀನು, ಬಲಕ್ಕೆ ಆಸ್ಪತ್ರೆಯ ದಾದಿ ಹಸ್ನಿದಾರಮ್ಮನವರ ಹಾಲು. ನಿನ್ನೆ ಮೀನು ಕೊಳ್ಳಲು ಬಂದವಳೊಬ್ಬಳು "ಇದೇನ್ರೀ, ತೆಂಗಿನ ಹಾಲಾ?" ಅಂತ ಕೇಳಿದಳು. ಪಾಪ, ನಿನ್ನ ಭಾವನ ಮುಖ ನೋಡಬೇಕಿತ್ತು.

ಆದರೆ ನಿನಗೆ ಬೈಯಬೇಕು. ಫೋನಿನಲ್ಲಿ ಎಂಟೂ ಇಪ್ಪತ್ತಕ್ಕೆ ವಿಮಾನ ಇಳಿಯುತ್ತದೆ ಅಂದೆ. ನಿನ್ನ ಭಾವ ಮಾರುಕಟ್ಟೆಗೆ ಮೀನು ಹಾಕಿ, ಗಾಡಿ ಓಡಿಸಿಕೊಂಡು ಎಂಟು ಗಂಟೆಗೇ ಶೆಡ್ಡಿಗೆ ಹೋದರೆ ವಿಮಾನವೂ ಇಲ್ಲ, ಹಾಲೂ ಇಲ್ಲ. ಬಂದದ್ದು ಒಂಬತ್ತೂ ಇಪ್ಪತ್ತಕ್ಕೆ. "ನಿನ್ ತಂಗಿ ಜಕಾರ್ತಾಕ್ಕೆ ಹೋಗಿ ಒಂದ್ ವಾರಕ್ಕೇ ನಮ್ ಗಡಿಯಾರ ಮರೆತ್ಲು ನೋಡು" ಅಂತ ಮನೆಗೆ ಬಂದು ಕೂಗಾಡಿದರು. ನಮ್ಮ ಗಡಿಯಾರ ನಿಮ್ಮದಕ್ಕಿಂತ ಒಂದು ಗಂಟೆ ಮುಂದಿದೆ ತಾಯಿ, ಮರೆಯಬೇಡ. ಇಲ್ಲಿಂದ ಹೊರಟವರು ಟಿಕೇಟಿನ ಪ್ರಕಾರ ಒಂದು ಗಂಟೆ ಇಪ್ಪತ್ತು ನಿಮಿಷಕ್ಕೇ ನಿನ್ನೂರು ಸೇರುತ್ತಾರೆ, ಅಲ್ಲಿಂದ ಬರುವವರಿಗೆ ಮೂರು ಗಂಟೆ ಇಪ್ಪತ್ತು. ಬಿಟ್ಟು ಹೋಗುವುದು ಸಲೀಸು, ವಾಪಸು ಬರುವುದೇ ಕಷ್ಟ ಅಂತ ಅಮ್ಮ ಅಂದಳು. ಇನ್ನು ನೀನು ಏನೇ ಬರೆದರೂ ನಾನೇ ಒಂದು ಗಂಟೆ ಕೂಡಿಸಿಕೊಂಡು ಇವರನ್ನು ಕಳಿಸುತ್ತೇನೆ.

ಅಕ್ಮಲ್ ಇನ್ನೂ ಬಾಟಲಿಗೆ ಮುಖ ತಿರುಗಿಸುತ್ತಾನೆ. ಇನ್ನೆರಡು ದಿನ ಹಟ ಮಾಡುತ್ತಾನೆ, ಆಮೇಲೆ ರೂಢಿಯಾಗುತ್ತದೆ. ನನ್ನವಳು ಹಾಗಲ್ಲ, ಬೆರಳು ಕೊಟ್ಟರೂ ಚೀಪುವ ಹೊಟ್ಟೆಬಾಕಿ.

ಅಮ್ಮನ ಮಾತು ನೆನಪಿದೆ. ನೀನು ಹೆದರಬೇಡ.

ನಿನ್ನ ಅಕ್ಕ
ಮರ್ದಿಯಾ


ಜಕಾರ್ತಾ
17 ಫೆಬ್ರವರಿ, ಶುಕ್ರವಾರ

ಅಕ್ಕಾ,

ಭಾವನಿಗೆ ಕ್ಷಮೆ ಕೇಳಿದೆ ಅಂತ ಹೇಳು. ಮುಂದಿನ ಶನಿವಾರ ವಿಮಾನ ಬೇರೆ. 25ನೇ ತಾರೀಖಿನ ಪೆಟ್ಟಿಗೆ ಹತ್ತೂ ಇಪ್ಪತ್ತಕ್ಕೆ ಇಳಿಯುತ್ತದೆ.

ದಿನ ಹೇಗೆ ಹೋಗುತ್ತಿದೆ ಅಂತ ಕೇಳಬೇಡ. ಆರು ತಿಂಗಳ ತರಬೇತಿ ಅಂತ ನಮ್ಮ ಆಸ್ಪತ್ರೆ ಕಳಿಸಿದೆಯಲ್ಲ, ಬೆಳಿಗ್ಗೆ ಏಳರಿಂದ ಡಯಾಲಿಸಿಸ್ ಯಂತ್ರಗಳ ಮಧ್ಯೆ ನಿಂತಿರುತ್ತೇನೆ. ಒಬ್ಬೊಬ್ಬ ರೋಗಿಗೆ ನಾಲ್ಕು ಗಂಟೆ. ನಡುವೆ ಹತ್ತು ನಿಮಿಷ ಸಿಕ್ಕರೆ ಬಟ್ಟೆ ಮಡಚಿಡುವ ಕೋಣೆಗೆ ಓಡಿ, ಬಾಗಿಲಿಗೆ ಬೆನ್ನು ಕೊಟ್ಟು ಕೂತು ಕೈಪಂಪಿನಲ್ಲಿ ಹಿಂಡುತ್ತೇನೆ. ಬಾಗಿಲಿಗೆ ಚಿಲಕ ಇಲ್ಲ, ಹಾಗಾಗಿ ಬೆನ್ನೇ ಚಿಲಕ. ಸಂಜೆ ಬಾಡಿಗೆ ಕೋಣೆಗೆ ಬಂದರೆ ಮನೆಯೊಡತಿ ಬು ತುತಿ ಕಾದಿರುತ್ತಾಳೆ. ಅವಳ ಫ್ರೀಜರಿನಲ್ಲಿ ಅವಳು ಮಾರುವ ಐಸ್‌ಕಡ್ಡಿಗಳು ಇರುತ್ತವೆ. "ಹಾಲು ನಿಮ್ದೇ ಇರ್ಬೋದು ಮಗಳೇ, ಐಸು ನಂದು. ಯಾವ್ದಾದ್ರೂ ಮಗು ತಪ್ಪಿ ನಿಮ್ ಹಾಲು ನೆಕ್ಕಿದ್ರೆ ಏನ್ ಗತಿ?" ಅನ್ನುತ್ತಾಳೆ. ನಗು ಬರಬೇಕು, ಬರುವುದಿಲ್ಲ. ಅಷ್ಟು ಸುಸ್ತು.

ಅಕ್ಮಲನ ಅಪ್ಪ ಕಲ್ಲಿದ್ದಲಿನ ದೋಣಿಯ ಜೊತೆ ಕಲಿಮಂತಾನಿನಲ್ಲಿದ್ದಾರಂತೆ. ತಿಂಗಳಿಗೊಂದು ಫೋನು ಬರುತ್ತದೆ. ಮಗು ಹೇಗಿದ್ದಾನೆ ಅಂತ ನನ್ನನ್ನು ಕೇಳುತ್ತಾರೆ. ನಾನು ನಿನ್ನ ಕಾಗದ ಓದಿ ಹೇಳುತ್ತೇನೆ.

ಅಕ್ಕಾ, ಒಂದೇ ಆಸೆ. ಅವನ ಹೊಟ್ಟೆಗೆ ಹೋಗುವುದು ನನ್ನದಾಗಿರಲಿ. ನಾನು ಅಲ್ಲಿ ಇಲ್ಲ, ಹಾಡಿ ಮಲಗಿಸುವುದಿಲ್ಲ, ಮೈ ತೊಳೆಯುವುದಿಲ್ಲ. ಇದೊಂದು ಬಿಟ್ಟರೆ ತಾಯಿ ಅನ್ನಿಸಿಕೊಳ್ಳಲು ನನ್ನ ಹತ್ತಿರ ಬೇರೆ ಏನೂ ಇಲ್ಲ.

ಹಸ್ನಿ


ಬಾರ್ರು
26 ಫೆಬ್ರವರಿ, ಭಾನುವಾರ

ಹಸ್ನಿ,

ನಿನ್ನೆ ಒಂದು ಎಡವಟ್ಟಾಯಿತು. ನೀನು ಹತ್ತೂ ಇಪ್ಪತ್ತು ಅಂತ ಬರೆದಿದ್ದೆ. ನಾನು ನನ್ನ ಮಾತಿನ ಪ್ರಕಾರ ಒಂದು ಗಂಟೆ ಕೂಡಿಸಿ ಇವರನ್ನು ಹನ್ನೊಂದೂ ಇಪ್ಪತ್ತಕ್ಕೆ ಹೋಗಿ ಅಂದೆ. ನೀನು ಆಗಲೇ ನಮ್ಮ ಗಡಿಯಾರಕ್ಕೆ ಸರಿಮಾಡಿ ಬರೆದಿದ್ದೀಯ ಅಂತ ನನಗೇನು ಗೊತ್ತು? ಇಬ್ಬರೂ ಒಂದೇ ತಪ್ಪು ತಿದ್ದಲು ಹೋಗಿ ಹೊಸ ತಪ್ಪು ಮಾಡಿಕೊಂಡೆವು. ಪೆಟ್ಟಿಗೆ ಒಂದು ಗಂಟೆ ಶೆಡ್ಡಿನ ಜಗಲಿಯಲ್ಲಿ ಬಿಸಿಲಿಗೆ ಕೂತಿತ್ತು. ಆಮೇಲೆ ದಾರಿಯಲ್ಲಿ ಎರಡು ಗಂಟೆ. ಮನೆಗೆ ಬರುವಾಗ ಅರ್ಧಕ್ಕರ್ಧ ಚೀಲಗಳು ನೀರಾಗಿದ್ದವು.

ಅದೇ ಹೊತ್ತಿಗೆ ಅಕ್ಮಲ್ ಹಸಿವಿನಿಂದ ಕಿರುಚಿ ಕಿರುಚಿ ನೀಲಿಯಾಗಿದ್ದ. ಫ್ರೀಜರಿನಲ್ಲಿ ಹಿಂದಿನ ವಾರದ್ದು ಒಂದೂ ಉಳಿದಿರಲಿಲ್ಲ. ಬಾಟಲಿಯಲ್ಲಿ ಕಾಯಿಸಿ ಆರಿಸಿದ ನೀರು ಕೊಟ್ಟರೆ ಕೈಯಲ್ಲಿ ತಳ್ಳಿದ. ಹೇಗೋ ಸಮಾಧಾನವಾಯಿತು ಬಿಡು. ಈಗ ಹೊಟ್ಟೆ ತುಂಬಿ ಮಲಗಿದ್ದಾನೆ. ಮುಷ್ಟಿ ಬಿಚ್ಚಿ ಮಲಗಿದ್ದಾನೆ.

ಇನ್ನು ಮೇಲೆ ಒಂದು ಒಪ್ಪಂದ: ನೀನು ಬರೆಯುವುದು ನಮ್ಮ ಗಡಿಯಾರ, ನಾನು ಕೈ ಹಾಕುವುದಿಲ್ಲ.

ಅಕ್ಕ


ಜಕಾರ್ತಾ
3 ಮಾರ್ಚ್, ಶುಕ್ರವಾರ

ಅಕ್ಕಾ,

ಹೇಗೋ ಸಮಾಧಾನವಾಯಿತು ಅಂದರೆ ಏನು? ಏನು ಕುಡಿದ? ಡಬ್ಬಿಯ ಹಾಲು ಕೊಟ್ಟೆಯಾ? ಕೊಟ್ಟಿದ್ದರೆ ಹೇಳು, ಬೈಯುವುದಿಲ್ಲ. ಕರಗಿದ ಚೀಲಗಳನ್ನು ಏನು ಮಾಡಿದೆ? ಅಷ್ಟನ್ನೂ ಚೆಲ್ಲಿದೆಯಾ? ಇಪ್ಪತ್ತು ಚೀಲ ಅಂದರೆ ನನ್ನ ಮೂರು ದಿನ ಅಕ್ಕಾ.

ಈ ಸಲ ಐಸು ಜಾಸ್ತಿ ಹಾಕಿಸಿದ್ದೇನೆ. ಒಂಬತ್ತೂ ಇಪ್ಪತ್ತು, ನಿಮ್ಮ ಗಡಿಯಾರದಲ್ಲಿ.

ಹಸ್ನಿ


ಬಾರ್ರು
5 ಮಾರ್ಚ್, ಭಾನುವಾರ

ಹಸ್ನಿ,

ಡಬ್ಬಿ ಹಾಲು ಕೊಟ್ಟಿಲ್ಲ. ಅಮ್ಮನ ಮೇಲಾಣೆ. ನಿನ್ನ ಹಾಲಿನ ಒಂದು ತೊಟ್ಟೂ ಚೆಲ್ಲಿಲ್ಲ, ಅದೂ ಆಣೆ.

ಮಗು ಚೆನ್ನಾಗಿದ್ದಾನೆ. ಭತ್ತ ತೂಗುವ ತಕ್ಕಡಿಯಲ್ಲಿ ಕೂರಿಸಿದ್ದೆವು, ಏಳು ಕಿಲೋ ಆಗಿದ್ದಾನೆ. ಇವತ್ತು ಹೆಚ್ಚು ಬರೆಯಲು ಆಗುತ್ತಿಲ್ಲ, ಎರಡೂ ಎದ್ದಿವೆ.

ಅಕ್ಕ


ಜಕಾರ್ತಾ
28 ಏಪ್ರಿಲ್, ಶುಕ್ರವಾರ

ಅಕ್ಕಾ,

ಈ ಪೆಟ್ಟಿಗೆಯಲ್ಲಿ ಹತ್ತೊಂಬತ್ತೇ ಚೀಲ. ನೀನು ಬೇರೆ ಕಡೆ ಹುಡುಕಬೇಡ, ಇರುವುದೇ ಅಷ್ಟು.

ಮೂರು ವಾರದಿಂದ ಇಳಿಮುಖ. ಮೆಂತ್ಯ ತಿಂದೆ, ಬು ತುತಿ ತಂದುಕೊಟ್ಟ ಕಾತುಕ್ ಸೊಪ್ಪಿನ ಸಾರು ಬಿಂದಿಗೆಗಟ್ಟಲೆ ಕುಡಿದೆ. ಏನೂ ಪ್ರಯೋಜನವಿಲ್ಲ. ಮೊನ್ನೆ ಬಟ್ಟೆ ಕೋಣೆಯಲ್ಲಿ ಇಪ್ಪತ್ತು ನಿಮಿಷ ಹಿಂಡಿದರೂ ತಳ ಮುಚ್ಚುವಷ್ಟು ಹಾಲು ಬರಲಿಲ್ಲ. ಅಲ್ಲೇ ಆಸ್ಪತ್ರೆಯ ಹೊದಿಕೆಗೆ ಮುಖ ಒತ್ತಿ ಅತ್ತೆ. ಆಮೇಲೆ ಹೊರಗೆ ಬಂದು ರೋಗಿಯ ಕೈಗೆ ಸೂಜಿ ಚುಚ್ಚಿದೆ. ಮೊದಲ ಸಲ ನರ ತಪ್ಪಿತು. ಆ ಮುದುಕ "ನೀವು ಸ್ವಲ್ಪ ಕೂತ್ಕೊಳ್ಳಿ ಸಿಸ್ಟರ್, ನಂದೇನು ಅವಸರ ಇಲ್ಲ" ಅಂದರು. ನೋವಾದವರು ಅವರು, ಕೂರಿಸಿದ್ದು ನನ್ನನ್ನು.

ಅಕ್ಕಾ, ನಾನು ಬಂದುಬಿಡುತ್ತೇನೆ. ತರಬೇತಿ ಬಿಡುತ್ತೇನೆ ಅಂತ ಪತ್ರ ಬರೆದಿಟ್ಟಿದ್ದೇನೆ, ಮುಂದಿನ ಶುಕ್ರವಾರ ಮೇಲಿನವರಿಗೆ ಕೊಡುತ್ತೇನೆ. ಆರು ವರ್ಷ ಕಾದು ಸಿಕ್ಕ ಕಾಯಂ ನೌಕರಿ ಹೋಗುತ್ತದೆ, ಹೋಗಲಿ. ನಮ್ಮ ಬಾರ್ರು ಆಸ್ಪತ್ರೆಗೆ ಬಂದಿರುವ ಯಂತ್ರ ಬಟ್ಟೆ ಹೊದ್ದು ಮೂಲೆಯಲ್ಲಿ ಕೂರುತ್ತದೆ, ಊರಿನ ರೋಗಿಗಳು ಇನ್ನೂ ಮಕಾಸ್ಸರಕ್ಕೇ ಅಲೆಯುತ್ತಾರೆ. ನಾಚಿಕೆಯಾಗುತ್ತದೆ, ಆದರೂ ನನ್ನ ಮಗ ಉಪವಾಸ ಬೀಳುವುದನ್ನು ನೋಡಿಕೊಂಡು ಯಾವ ಯಂತ್ರ ಕಲಿಯಲಿ? ಅವನು ನನ್ನ ಹಾಲು ಬಿಟ್ಟು ಬೇರೆ ಏನೂ ಕುಡಿದಿಲ್ಲ. ಇಷ್ಟು ದಿನ ಕಾಪಾಡಿಕೊಂಡು ಬಂದದ್ದನ್ನು ಈಗ ಕೈಬಿಡಲಾರೆ.

ಹಸ್ನಿ


ಬಾರ್ರು
30 ಏಪ್ರಿಲ್, ಭಾನುವಾರ

ಹಸ್ನಿ,

ಆ ಪತ್ರ ಕೊಡಬೇಡ. ಮೊದಲು ಇದನ್ನು ಪೂರ್ತಿ ಓದು.

ಅಕ್ಮಲ್ ಉಪವಾಸ ಬೀಳುವುದಿಲ್ಲ. ಅವನು ಫೆಬ್ರವರಿ 25ರಿಂದ ನನ್ನ ಹಾಲು ಕುಡಿಯುತ್ತಿದ್ದಾನೆ.

ಅವತ್ತು ಪೆಟ್ಟಿಗೆ ಬಿಸಿಲಿಗೆ ಕೂತಿದ್ದಾಗ ಇಲ್ಲಿ ಅವನ ಉಸಿರು ಕಟ್ಟುತ್ತಿತ್ತು. ಅಮ್ಮ ಮಸೀದಿಯ ಕಡೆ ಹೋಗಿದ್ದಳು. ಎತ್ತಿಕೊಂಡೆ, ಅವನೇ ಬಾಯಿ ಹಾಕಿದ. ತಡೆಯಲು ನನ್ನ ಕೈ ಏಳಲಿಲ್ಲ. ಒಂದು ಸಲ ತಾನೆ ಅಂದುಕೊಂಡೆ. ಐದು ಸಲದ ಲೆಕ್ಕ ಮರುದಿನ ಸಂಜೆಗೇ ಮುಗಿದುಹೋಯಿತು. ಆಮೇಲೆ ಲೆಕ್ಕ ಇಡುವುದರಲ್ಲಿ ಅರ್ಥವಿರಲಿಲ್ಲ. ಬಾಟಲಿಯನ್ನು ಅವನು ಮತ್ತೆ ಮುಟ್ಟಲೇ ಇಲ್ಲ.

ನನ್ನಲ್ಲಿ ಇಬ್ಬರಿಗಾಗುವಷ್ಟು ಇಲ್ಲ ಹಸ್ನಿ. ಕರಗಿದ ಇಪ್ಪತ್ತು ಚೀಲ ಎದುರಿಗಿತ್ತು, ಮತ್ತೆ ಫ್ರೀಜರಿಗೆ ಹಾಕಬೇಡ ಅಂದಿದ್ದೆ. ಚೆಲ್ಲಲು ಮನಸ್ಸಾಗಲಿಲ್ಲ. ಮುತಿಯಾಳಿಗೆ ಕೊಟ್ಟೆ. ಗಟಗಟ ಕುಡಿದಳು. ಅಂದಿನಿಂದ ನೀನು ಕಳಿಸಿದ ಪ್ರತಿ ಚೀಲವನ್ನೂ ಅವಳೇ ಕುಡಿದಿದ್ದಾಳೆ. ಒಂದು ತೊಟ್ಟೂ ಚೆಲ್ಲಿಲ್ಲ ಅಂದದ್ದು ಸುಳ್ಳಲ್ಲ. ಉಳಿದದ್ದನ್ನು ಮುಚ್ಚಿಟ್ಟೆ.

ಅಮ್ಮನಿಗೆ ಒಂದು ತಿಂಗಳ ಮೇಲೆ ತಿಳಿಯಿತು. ಅಂಗಳದಲ್ಲಿ ನಿಂತು "ಮದುವೆ ಮಾಡೋಣ ಅಂತ ನಾನು ಕಾಯ್ತಿದ್ರೆ ಅಣ್ಣ ತಂಗಿ ಮಾಡಿ ಕೂರಿಸಿದ್ಯಲ್ಲೇ! ನಾನ್ ಸತ್ತ ಮೇಲಾದ್ರೂ ಮಾಡ್ಬಾರ್ದಿತ್ತಾ!" ಅಂತ ಅರಚಿದಳು. ಮಸೀದಿಯ ಇಮಾಮರನ್ನೂ ಕೇಳಿ ಬಂದಳು. ಅವರು "ಆಗಿಹೋಯ್ತು ತಾಯಿ, ಇನ್ನು ಅವರು ಒಡಹುಟ್ಟಿದವರೇ" ಅಂದರಂತೆ. ನಾಲ್ಕು ದಿನ ನನ್ನ ಕೈಯ ಅನ್ನ ಉಣ್ಣಲಿಲ್ಲ. ಐದನೇ ದಿನ ಮೀನಿನ ಸಾರಿಗೆ ಸೋತಳು.

ನಿನಗೆ ಹೇಳಲು ಹೆದರಿದ್ದು ಮದುವೆಯ ಮಾತಿಗಲ್ಲ. ನಿನ್ನ ಹತ್ತಿರ ಇದ್ದದ್ದು ಅದೊಂದೇ ಅಂತ ಬರೆದಿದ್ದೆಯಲ್ಲ, ಅದನ್ನು ಕಿತ್ತುಕೊಂಡವಳು ನಾನೇ ಅಂತ ಹೇಳುವುದಕ್ಕೆ ಬಾಯಿ ಬರಲಿಲ್ಲ. ಈಗ ನೀನು ನೌಕರಿಯನ್ನೇ ಬಿಡುತ್ತೇನೆ ಅನ್ನುತ್ತಿದ್ದೀಯ, ಬೇರೆ ದಾರಿ ಉಳಿದಿಲ್ಲ.

ಬೈದುಕೋ. ತರಬೇತಿ ಮಾತ್ರ ಬಿಡಬೇಡ.

ಮರ್ದಿಯಾ


ಜಕಾರ್ತಾ
8 ಮೇ, ಸೋಮವಾರ

ಈ ಕಾಗದ ಅಂಚೆಯಲ್ಲಿ ಬರುತ್ತದೆ. ಪೆಟ್ಟಿಗೆ ಬರುವುದಿಲ್ಲ.

ತರಬೇತಿ ಬಿಟ್ಟಿಲ್ಲ. ಯಾರಿಗಾಗಿ ಬಿಡಲಿ?

ಎರಡು ತಿಂಗಳು, ಅಕ್ಕಾ. ಪ್ರತಿ ಭಾನುವಾರ ಕೂತು "ಚೆನ್ನಾಗಿದ್ದಾನೆ" ಅಂತ ಬರೆದೆಯಲ್ಲ, ಆ ಕೈಗೆ ಏನೂ ಅನ್ನಿಸಲಿಲ್ಲವೇ? ಅವನು ಇನ್ನು ನನ್ನನ್ನು ಯಾರು ಅಂದುಕೊಳ್ಳುತ್ತಾನೆ? ಅವನ ಅಮ್ಮನ ತಂಗಿ. ಚಿಕ್ಕಮ್ಮ. ಜಕಾರ್ತಾದಿಂದ ಬಿಸ್ಕತ್ತು ತರುವವಳು.

ಕಾಗದ ಹಾಕಬೇಡ.

ಹಸ್ನಿದಾರ್


ಬಾರ್ರು
21 ಮೇ, ಭಾನುವಾರ

ಹಸ್ನಿ,

ಹಾಕಬೇಡ ಅಂದೆ. ಹಾಕುತ್ತಿದ್ದೇನೆ.

ಕಳೆದ ಮೂರು ಶನಿವಾರ ನಿನ್ನ ಭಾವ ಕಾರ್ಗೋ ಶೆಡ್ಡಿಗೆ ಹೋಗಿ ಕಾದು ಬರಿಗೈಯಲ್ಲಿ ಬಂದರು. ಬೇಡ ಅಂದರೂ ಕೇಳುವುದಿಲ್ಲ. "ಕಳಿಸಿದ್ರೆ ಬಿಸಿಲಲ್ಲಿ ಕೂತಿರುತ್ತಲ್ಲೇ" ಅನ್ನುತ್ತಾರೆ. ಆ ಒಂದು ಗಂಟೆಯ ಮೇಲೆ ಅವರಿಗೆ ಅಷ್ಟು ಭಯ ಕೂತಿದೆ.

ನಿನ್ನ ಕೋಪ ನ್ಯಾಯವೇ, ನಾನು ಬೇಡ ಅನ್ನುವುದಿಲ್ಲ. ಅವನು ನನ್ನ ಕುತ್ತಿಗೆ ತಬ್ಬುತ್ತಾನೆ, ನನ್ನ ವಾಸನೆಗೆ ಅಳು ನಿಲ್ಲಿಸುತ್ತಾನೆ. ಅದು ನನಗೆ ಖುಷಿ ಕೊಡುತ್ತದೆ, ಹಾಗೆ ಖುಷಿಯಾದಾಗಲೆಲ್ಲ ಕಳ್ಳಿಯ ಹಾಗೆ ಆಚೀಚೆ ನೋಡುತ್ತೇನೆ. ಇದನ್ನೂ ಮುಚ್ಚಿಡುವುದಿಲ್ಲ.

ಆದರೆ ಕೇಳು. ನನ್ನಲ್ಲಿ ಇರುವುದು ಒಬ್ಬರಿಗೆ ಸಾಕು, ಇಬ್ಬರಿಗೆ ಸಾಲದು. ನಿನ್ನ ಕೊನೆಯ ಚೀಲಗಳನ್ನು ದಿನಕ್ಕೊಂದೆರಡರಂತೆ ಎಳೆದೆ, ಅವೂ ಮುಗಿದು ಮುತಿಯಾ ಎಂಟು ದಿನದಿಂದ ಡಬ್ಬಿ ಹಾಲಿನ ಮೇಲಿದ್ದಾಳೆ. ಕುಡಿದದ್ದೆಲ್ಲ ವಾಂತಿ. ಬೆರಳು ಕೊಟ್ಟರೂ ಚೀಪುತ್ತಿದ್ದ ಹುಡುಗಿ ಈಗ ಬಾಟಲಿ ಮೂಸಿ ನೋಡಿ ಬಾಯಿ ಮುಚ್ಚುತ್ತಾಳೆ. ನಾನು ಎದೆಗೆ ಹಾಕಿಕೊಂಡರೆ ಎರಡು ಗುಟುಕು ಕುಡಿದು ನನ್ನ ಮುಖ ನೋಡುತ್ತಾಳೆ. ಅವಳಿಗೆ ಬೇಕಾದದ್ದು ನಿನ್ನದು. ಆರು ಕಿಲೋ ಇದ್ದವಳು ಅರ್ಧ ಕಿಲೋ ಇಳಿದಿದ್ದಾಳೆ. ಆಸ್ಪತ್ರೆಗೂ ತೋರಿಸಿ ಬಂದೆ, ಹೊಟ್ಟೆಗೆ ಡಬ್ಬಿ ಒಗ್ಗುತ್ತಿಲ್ಲ ಅಂದರು.

ತಪ್ಪು ನಾನು ಮಾಡಿದೆ. ಅವಳು ಕೊಟ್ಟದ್ದನ್ನು ಕುಡಿದಳು, ಅಷ್ಟೇ. ನನಗಾಗಿ ಕೇಳುತ್ತಿಲ್ಲ.

ಅಕ್ಕ


ಜಕಾರ್ತಾ
26 ಮೇ, ಶುಕ್ರವಾರ

ಅಕ್ಕಾ,

ಒಂಬತ್ತೂ ಇಪ್ಪತ್ತು, ನಿಮ್ಮ ಗಡಿಯಾರ. ಭಾವನಿಗೆ ಬೇಗ ಹೊರಡಲು ಹೇಳು. ನಿನ್ನ ಕಾಗದ ಸಿಕ್ಕ ಮೇಲೆ ಹಿಂಡಿದ ಎಂಟು ಚೀಲ ಇವೆ, ಮೊದಲು ಅವಳಿಗೆ ಕರಗಿಸು, ಆಮೇಲೆ ಓದು.

ನಾನು ಹಿಂಡುವುದನ್ನು ನಿಲ್ಲಿಸಿರಲಿಲ್ಲ. ಎದೆ ಕಟ್ಟಿಕೊಂಡು ಜ್ವರ ಬರುತ್ತಿತ್ತು, ಹಾಗಾಗಿ ಹಿಂಡಿ ಬಚ್ಚಲಿಗೆ ಸುರಿದೆ. ಮೂರು ವಾರ. ಬು ತುತಿ ಬಾಗಿಲಲ್ಲಿ ನಿಂತು ನೋಡಿದಳು. "ಐಸ್ ತೆಗ್ದು ಜಾಗ ಮಾಡ್ಲಾ ಮಗಳೇ?" ಅಂದಳು. ಬೇಡ ಅಂದೆ. ಅಲ್ಲಿ ಒಂದು ಮಗು ಅರ್ಧ ಕಿಲೋ ಇಳಿಯುತ್ತಿರುವಾಗ ನಾನು ಇಲ್ಲಿ ಸುರಿಯುತ್ತಿದ್ದೆ.

ಕೋಪ ಹೋಗಿಲ್ಲ. ಬೇಗ ಹೋಗುವುದೂ ಇಲ್ಲ. ಜುಲೈ ಕೊನೆಗೆ ಬಂದಾಗ ಎದುರಿಗೆ ಕೂತು ಬೈಯುತ್ತೇನೆ, ನೀನು ತಲೆ ತಗ್ಗಿಸಿ ಕೇಳಬೇಕು. ಅಲ್ಲಿಯವರೆಗೆ ಅಕ್ಮಲನಿಗೆ ಹೊಟ್ಟೆ ತುಂಬ ಕುಡಿಸು. ಆಚೀಚೆ ನೋಡಬೇಡ. ಅವನು ತಬ್ಬಿದರೆ ತಬ್ಬಿಸಿಕೋ.

ಬಟ್ಟೆ ಕೋಣೆಯಲ್ಲಿ ಹಿಂಡುವಾಗ ನಾನು ಅಕ್ಮಲನ ಚಿತ್ರ ಎದುರಿಗಿಟ್ಟುಕೊಳ್ಳುತ್ತಿದ್ದೆ, ಮುಖ ನೋಡಿದರೆ ಹಾಲು ಇಳಿಯುತ್ತದೆ ಅಂತ. ಈಗ ಅದನ್ನು ನೋಡಿದರೆ ಇಳಿಯುವುದಿಲ್ಲ, ಕಣ್ಣು ಮಾತ್ರ ತುಂಬುತ್ತದೆ. ನಿನ್ನೆ ಕಣ್ಣು ಮುಚ್ಚಿ ಮುತಿಯಾಳ ಮುಖ ನೆನೆಯಲು ನೋಡಿದೆ. ಬರಲಿಲ್ಲ. ನಾನು ಹೊರಡುವಾಗ ಅವಳಿಗೆ ಮೂರು ತಿಂಗಳು, ನನ್ನವನನ್ನು ನೋಡುವುದರಲ್ಲಿ ಅವಳನ್ನು ಸರಿಯಾಗಿ ನೋಡಿಯೇ ಇರಲಿಲ್ಲ.

ಖಾಲಿ ಪೆಟ್ಟಿಗೆಯಲ್ಲಿ ಅವಳದೊಂದು ಫೋಟೊ ಹಾಕಿ ಕಳಿಸು.

ನಿನ್ನ ಹಸ್ನಿ